ಮೀಸಲು ತಂತಿ

ಹೋದ ತಿಂಗಳು ನಾದಿನಿಯ ಮಗಳ ಸೀಮಂತಕ್ಕೆಂದು ಹಾರನಹಳ್ಳಿಗೆ ಹೋಗಿದ್ದೆವು. ಊಟವಾದ ಮೇಲೆ ಹೆಂಗಸರೆಲ್ಲ ಎಲೆಅಡಿಕೆ ತಟ್ಟೆಯ ಸುತ್ತ ಕೂತರು. ನಾನು ಮಗಳನ್ನು ಕರೆದುಕೊಂಡು ಹಳೆಯ ದೇವಸ್ಥಾನದ ಕಡೆ ನಡೆದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಕಾಲಿಟ್ಟರೆ ತಣ್ಣನೆಯ ಕತ್ತಲು, ಚಾವಣಿಯ ಸಂದಿನಲ್ಲಿ ಬಾವಲಿಗಳ ಪಟಪಟ. ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋಗೋಣ ಎಂದು ನನ್ನ ಕೈ ಎಳೆದಳು. ನಾನು ಮಾತ್ರ ಕಂಬಕ್ಕೆ ಒರಗಿ ಇನ್ನೊಂದು ಉಸಿರು ಎಳೆದುಕೊಂಡೆ. ಮೂಗಿನೊಳಗೆ ಸೂಜಿಯಂತೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವ, ಬಾವಲಿ ಹಿಕ್ಕೆಯ ಆ ಘಾಟು ಅಮೋನಿಯದ್ದು. ಅದನ್ನು ನಾನು ಒಂದು ಇಡೀ ಮಳೆಗಾಲ ಸೀರೆಯಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲಿ ಹೊತ್ತು ತಿರುಗಿದ್ದೇನೆ.

ಆಗ ನಾವು ಅರಸೀಕೆರೆಯಲ್ಲಿದ್ದೆವು. ಮಗಳು ಒಂದನೇ ಕ್ಲಾಸು. ನಾನು ಅಲ್ಲಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ನಮ್ಮ ಮನೆಯವರಿಗೆ ಬೇಲೂರಿನ ಪಶುವೈದ್ಯ ಇಲಾಖೆಯ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಸೋಮವಾರ ಬೆಳಿಗ್ಗೆ ಹಳೇಬೀಡಿನ ಮೇಲೆ ಹೋಗುವ ಬಸ್ಸು ಹತ್ತಿದರೆ ಶನಿವಾರ ಸಂಜೆಗೆ ವಾಪಸ್ಸು. ಮಾವನವರು ಹಾರನಹಳ್ಳಿಯ ತೋಟ ಬಿಟ್ಟು ಬರುವವರಲ್ಲ. ಅತ್ತೆ ಮಾತ್ರ ಮಗು ನೋಡಿಕೊಳ್ಳಲು ನಮ್ಮ ಜೊತೆ ಬಂದು ಇದ್ದರು. ಹೀಗೆ ವಾರದ ಹೆಚ್ಚು ದಿನ ಆ ಮನೆಯಲ್ಲಿ ಅತ್ತೆ, ನಾನು, ಮಗಳು, ಮೂರೇ ಜನ.

ಕಾಲೇಜಿನ ಕೆಲಸದ ಜೊತೆಗೇ ನಾನು ಪಿಎಚ್.ಡಿ.ಗೆ ಸೇರಿದ್ದೆ. ಪ್ಲಾಟಿನಂ ಲೋಹದ ಮೈಮೇಲೆ ಅಮೋನಿಯ ಹೇಗೆ ಆಕ್ಸಿಡೈಸ್ ಆಗುತ್ತದೆ ಎಂಬುದು ನನ್ನ ವಿಷಯ. ಕೇಳಲು ದೊಡ್ಡ ಮಾತು. ನೋಡಲು ಅಂಗೈ ಅಗಲದ ಒಂದು ಗಾಜಿನ ಪಾತ್ರೆ, ಅದರಲ್ಲಿ ಕ್ಷಾರದ ನೀರು, ನಾಲ್ಕು ತೊಟ್ಟು ಅಮೋನಿಯ, ಮುಳುಗಿಸಿದ ಒಂದು ತುಂಡು ಪ್ಲಾಟಿನಂ ತಂತಿ. ಹಳೆಯ ಕಬ್ಬಿಣದ ಪೆಟ್ಟಿಗೆಯೊಂದು ಆ ತಂತಿಗೆ ಕೊಡುವ ವೋಲ್ಟೇಜನ್ನು ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸುತ್ತಿತ್ತು. ಪಕ್ಕದ ರೆಕಾರ್ಡರಿನ ಪೆನ್ನು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯುತ್ತಿತ್ತು. ಅಮೋನಿಯ ತಂತಿಯ ಮೇಲೆ ಕೂತು, ತನ್ನ ಹೈಡ್ರೋಜನ್ನುಗಳನ್ನು ಒಂದೊಂದಾಗಿ ಕಳಚಿ, ಜೋಡಿ ಸಿಕ್ಕಿದರೆ ನೈಟ್ರೋಜನ್ ಗಾಳಿಯಾಗಿ ಹೊರಟುಹೋಗುತ್ತದೆ. ಅದು ನಡೆಯುವಾಗ ಗೆರೆ ಗುಡ್ಡದ ಹಾಗೆ ಏಳುತ್ತದೆ. ಮತ್ತೆ ಮತ್ತೆ ಏರಿಸಿ ಇಳಿಸಿದರೆ ಗುಡ್ಡ ಕುಗ್ಗುತ್ತಾ ಬರುತ್ತದೆ. ಯಾಕೆ ಕುಗ್ಗುತ್ತದೆ, ಯಾವ ವೋಲ್ಟೇಜಿನಲ್ಲಿ ಕುಗ್ಗುತ್ತದೆ, ಮತ್ತೆ ಮೇಲೆಬ್ಬಿಸುವುದು ಹೇಗೆ, ಇಷ್ಟೇ ನನ್ನ ಪ್ರಶ್ನೆ.

ಪೆಟ್ಟಿಗೆ ಕಾಲೇಜಿನದು, ತಂತಿ ಕಾಲೇಜಿನದೂ ಅಲ್ಲ, ನನ್ನದೂ ಅಲ್ಲ. ಮೈಸೂರಿನ ನಮ್ಮ ಗೈಡ್ ಕೊಟ್ಟು ಕಳಿಸಿದ್ದು. ಒಂದು ತುದಿ ಗಾಜಿನ ಕಡ್ಡಿಯೊಳಗೆ ಬೆಸೆದಿತ್ತು, ಇನ್ನೊಂದು ತುದಿ ಕಿವಿಯೋಲೆಯ ಕೊಂಡಿಯಷ್ಟು ಹೊರಗಿತ್ತು. ದಸರಾ ರಜೆ ಮುಗಿದ ಕೂಡಲೇ ಅದು ಇನ್ನೊಬ್ಬ ವಿದ್ಯಾರ್ಥಿಗೆ ಹೋಗಬೇಕು ಎಂದು ಗೈಡ್ ಮೊದಲೇ ಹೇಳಿದ್ದರು. ಅಷ್ಟರೊಳಗೆ ಮತ್ತೆ ಮತ್ತೆ ಮಾಡಿದರೂ ಒಂದೇ ಥರ ಬರುವ ಗೆರೆಗಳನ್ನು ನಾನು ತೋರಿಸದಿದ್ದರೆ ನನ್ನ ರಿಜಿಸ್ಟ್ರೇಷನ್ ಮುಂದುವರಿಯುವುದು ಕಷ್ಟ ಎಂದೂ ಹೇಳಿದ್ದರು. ಬೈಯುವ ಮನುಷ್ಯರಲ್ಲ ಅವರು. ಕನ್ನಡಕ ಒರೆಸಿಕೊಳ್ಳುತ್ತಾ ಮೆತ್ತಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಭಯವಾಯಿತು.

ಒಂದೇ ಥರ ಬರುವುದೇ ಕಷ್ಟದ ಮಾತು. ಪ್ಲಾಟಿನಂಗೆ ಏನೂ ತಾಗಬಾರದು. ಕಣ್ಣಿಗೆ ಕಾಣದಷ್ಟು ಜಿಡ್ಡು ಅಂಟಿದರೂ ಸಾಕು, ಅಮೋನಿಯಕ್ಕೆ ಕೂರಲು ಜಾಗವಿಲ್ಲದೆ ಗುಡ್ಡ ಮಲಗಿಬಿಡುತ್ತದೆ. ಇಂಥ ಕೆಲಸವನ್ನು ನಾನು ಹಿಡಿದದ್ದು ಕೊಬ್ಬರಿಯ ಊರಿನಲ್ಲಿ. ಮಂಡಿ ಬೀದಿಯ ಕಡೆಯಿಂದ ಗಾಳಿ ಬಂದರೆ ಗಾಳಿಯೇ ಎಣ್ಣೆ ಎಣ್ಣೆ. ಆ ಮಳೆಗಾಲ ನಾನು ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟೆ. ದೋಸೆ ಹುಯ್ದ ಕೈಯನ್ನು ಸೀಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ತೊಳೆದು ಕಾಲೇಜಿಗೆ ಹೊರಡುತ್ತಿದ್ದೆ.

ಅತ್ತೆಗೆ ಇದ್ಯಾವುದೂ ಹಿಡಿಸುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಕಾಣದ ನನ್ನ ತಲೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಸಂಜೆ ಮನೆಗೆ ಬಂದವಳನ್ನು ಮೊದಲು ಬಚ್ಚಲಿಗೆ ಅಟ್ಟುತ್ತಿದ್ದರು.

"ಕೊಟ್ಗೆ ಬಾಚೋದು ತಪ್ಲಿ ಅಂತ ನನ್ ಮಗ ಓದಿರೋಳ್ನ ಮದ್ವೆ ಮಾಡ್ಕಂಡ. ನೀನ್ ನೋಡುದ್ರೆ ಓದೀ ಓದೀ ಅದೇ ಕೊಟ್ಗೆ ವಾಸ್ನೆ ಹೊತ್ಕಂಡ್ ಬತ್ತೀಯ" ಎಂದು ಅವರು ಒಮ್ಮೆ ಹೇಳಿದ್ದು ನಮ್ಮ ವಠಾರದಲ್ಲೆಲ್ಲ ನಗೆಯಾಗಿ ಓಡಾಡಿತು. ನನಗೂ ನಗು ಬಂತು. ಆದರೆ ಒಳಗೆ ಸಣ್ಣದೊಂದು ಮುಳ್ಳೂ ಉಳಿಯಿತು. ನಾನು ಮಾಡುವ ಕೆಲಸವನ್ನು ಅವರು ಯಾವತ್ತೂ ಕೆಲಸ ಎಂದು ಕರೆದಿರಲಿಲ್ಲ. ಯಾರಾದರೂ ಸೊಸೆ ಎಲ್ಲಿ ಎಂದರೆ "ಅದೇನೋ ಐತಲ್ಲ ಅವಳ್ದು, ಅಲ್ಲಿಗೆ ಹೋಗವ್ಳೆ" ಅನ್ನುತ್ತಿದ್ದರು.

ನೀರಿನದು ಇನ್ನೊಂದು ಕತೆ. ಅರಸೀಕೆರೆಯ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ. ಅದನ್ನು ಎರಡು ಸಲ ಬಟ್ಟಿ ಇಳಿಸಿದರೂ ನನಗೆ ಸಮಾಧಾನವಿರಲಿಲ್ಲ. ಕೊನೆಗೆ ನಮ್ಮ ಮನೆಯವರು ಪ್ರತಿ ಶನಿವಾರ ಬೇಲೂರಿನಿಂದ ಯಗಚಿ ಹೊಳೆಯ ನೀರನ್ನು ಕ್ಯಾನಿನಲ್ಲಿ ತುಂಬಿ ತರತೊಡಗಿದರು. ಬಸ್ಸಿನಲ್ಲಿ ಅದನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಕೂರುತ್ತಿದ್ದರಂತೆ. ಕಂಡಕ್ಟರು ಮೊದಮೊದಲು ತೀರ್ಥವೇ ಎಂದು ಕೇಳಿದನಂತೆ. ಹೆಂಡತಿಯ ಪ್ರಯೋಗಕ್ಕೆ ಎಂದು ಇವರು ಪ್ರಾಮಾಣಿಕವಾಗಿ ಹೇಳಿದ ಮೇಲೆ ಅವನು, "ಕ್ಯಾನಿಗೂ ಒಂದ್ ಟಿಕೇಟ್ ಹರೀಲಾ ಸಾರ್, ಮನೆಯೋರ್ ಕಡೆಯೋರು ಅಂದ್ಮೇಲೆ ನಿಲ್ಸಕ್ಕಾಯ್ತದಾ" ಅಂದನಂತೆ. ಇದನ್ನು ಇವರು ಕಾಲು ತೊಳೆಯುತ್ತಾ ಹೇಳುತ್ತಿದ್ದ ರೀತಿ ನನಗೆ ಇವತ್ತಿಗೂ ನೆನಪಿದೆ. ಒಂದು ಸಲವೂ ಭಾರ ಅನ್ನಲಿಲ್ಲ.

ಕಾಲೇಜಿಗೆ ದಸರಾ ರಜೆ ಬಿಟ್ಟಿತು. ಬೀಗ ಹಾಕಿದ ಕಟ್ಟಡದಲ್ಲಿ ಚಿನ್ನಕ್ಕಿಂತ ದುಬಾರಿಯ ತಂತಿ ಬಿಡಲು ಮನಸ್ಸಾಗದೆ, ಹಬ್ಬದ ಎರಡು ದಿನಕ್ಕೆಂದು ಅದನ್ನು ಮುಚ್ಚಳದ ಗಾಜಿನ ಕೊಳವೆಯಲ್ಲಿಟ್ಟು ಮನೆಗೆ ತಂದೆ. ಒಡವೆ ಇಡುವ ಬೀರುವಿನಲ್ಲೇ ಇಟ್ಟೆ. ಅತ್ತೆ ಇದೇನು ಎಂದರು. ಇದರ ಮೇಲೆಯೇ ಅತ್ತೆ ನಾನು ಕೆಲಸ ಮಾಡುವುದು ಎಂದೆ. ಬಂಗಾರಕ್ಕಿಂತ ಹೆಚ್ಚಿನ ಬೆಲೆ ಎಂದಾಗ ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಹಾಗಾದರೆ ಮೂಗಿಗಾದರೂ ಹಾಕಿಕೊಳ್ಳಬಾರದೇ, ನೀರಿನಲ್ಲಿ ಯಾಕೆ ನೆನೆಹಾಕುತ್ತೀ ಎಂದರು. ಇಬ್ಬರೂ ನಕ್ಕೆವು. ಮುಟ್ಟಬೇಡಿ ಎಂದು ಹೇಳುವುದು ನನಗೆ ಹೊಳೆಯಲಿಲ್ಲ. ಬೀರುವಿನಲ್ಲಿರುವುದನ್ನು ಯಾರು ಮುಟ್ಟುತ್ತಾರೆ?

ಆಯುಧಪೂಜೆಯ ಬೆಳಿಗ್ಗೆ ಕಾಲೇಜಿನ ಪೂಜೆಗೆ ಎಲ್ಲರೂ ಹೋಗಲೇಬೇಕಿತ್ತು. ಲ್ಯಾಬಿನ ತಕ್ಕಡಿಗೆ, ಗ್ಯಾಸ್ ಬರ್ನರಿಗೆ ಹೂವು ಮುಡಿಸಿ, ನನ್ನ ಪೆಟ್ಟಿಗೆಗೆ ಹೊರಗಡೆ ಮಾತ್ರ ಕುಂಕುಮ ಇಡಿಸಿ, ಕಡಲೆಪುರಿ ಪೊಟ್ಟಣ ಹಿಡಿದು ಮಧ್ಯಾಹ್ನಕ್ಕೆ ಮನೆಗೆ ಬಂದೆ. ಬಾಗಿಲಲ್ಲೇ ಸಾಂಬ್ರಾಣಿ ಹೊಗೆ. ನಡುಮನೆಯಲ್ಲಿ ಅತ್ತೆ ಮಡಿಬಟ್ಟೆ ಹಾಸಿ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದರು. ಈಳಿಗೆಮಣೆ, ಹಾರನಹಳ್ಳಿಯಿಂದ ತಂದ ಕುಡುಗೋಲು, ನಮ್ಮ ಮನೆಯವರ ಸೈಕಲ್ಲಿನ ಪಂಪು, ಮಗಳ ಸ್ಲೇಟು. ಎಲ್ಲಕ್ಕೂ ಮಧ್ಯೆ, ವೀಳ್ಯದೆಲೆಯ ಮೇಲೆ, ಕೊಳವೆಯಿಂದ ಹೊರಬಂದ ನನ್ನ ತಂತಿ. ತುದಿಗೆ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು, ಪಕ್ಕದಲ್ಲೊಂದು ಸೇವಂತಿಗೆ.

ನಾನು ಕಡಲೆಪುರಿ ಪೊಟ್ಟಣ ಹಿಡಿದೇ ನಿಂತುಬಿಟ್ಟೆ. ಅತ್ತೆಯ ಮುಖದಲ್ಲಿ ಹಬ್ಬದ ಕಳೆ.

"ಎಲ್ಲಾರ್ ಆಯುಧಕ್ಕೂ ಪೂಜೆ ಆಯ್ತದೆ. ನಿಂದೊಂದ್ ಯಾಕ್ ಬುಡಾದು ಅಂತ ನಾನೇ ತಗ್ದು ಮಡಗ್ದೆ ಕಣವ್ವ. ನೀನೂ ದುಡಿಯೋಳೇ ಅಲ್ವಾ?"

ಎಷ್ಟೋ ವರ್ಷದಿಂದ ನಾನು ಅವರ ಬಾಯಿಂದ ಕೇಳಬೇಕೆಂದಿದ್ದ ಮಾತು ಅದು. ಅದೂ ಆ ಹೊತ್ತಿನಲ್ಲೇ ಬರಬೇಕೇ! ನನ್ನ ಮುಖ ನೋಡಿ ಏನೋ ತಪ್ಪಾಯಿತೆಂದು ಅವರಿಗೆ ಗೊತ್ತಾಗಿಹೋಯಿತು. ನಾನು ತಡೆಯುವುದರೊಳಗೆ ತಂತಿಯನ್ನು ಎತ್ತಿ, ಕೊಡದ ಬೋರ್‌ವೆಲ್ ನೀರಿನಲ್ಲಿ ಅದ್ದಿ, ಎಣ್ಣೆ ಹಚ್ಚಿದ ತಲೆಯ ಮೇಲಿಂದ ಜಾರಿ ಬಂದ ತಮ್ಮದೇ ಸೆರಗಿನಲ್ಲಿ ಚೆನ್ನಾಗಿ ಒರೆಸಿ ನನ್ನ ಕೈಗೆ ಕೊಟ್ಟರು.

ಮರುದಿನ ವಿಜಯದಶಮಿ. ಪ್ರಿನ್ಸಿಪಾಲರಿಂದ ಬೀಗದ ಕೈ ಕೇಳಿ ಪಡೆದು ಲ್ಯಾಬಿಗೆ ಹೋದೆ. ತಂತಿಯ ತುದಿಯನ್ನು ಕ್ಷಾರದ ನೀರಿಗೆ ಇಳಿಸಿದಾಗ, ಗಾಜಿನ ಅಂಚಿನಲ್ಲಿ ಅಡಗಿದ್ದ ಅರಿಶಿನ ಕರಗಿ ಕೆಂಪು ಎಳೆಯಾಗಿ ಕೆಳಗಿಳಿಯಿತು. ಸುಣ್ಣ ಬೆರೆತ ಅರಿಶಿನ ಓಕುಳಿಯಾಗುವುದನ್ನು ಆರತಿ ತಟ್ಟೆಯಲ್ಲಿ ನೋಡಿದ್ದೆ. ನನ್ನ ಪಾತ್ರೆಯಲ್ಲೂ ಆವತ್ತು ಓಕುಳಿ. ಆ ನೀರು ಚೆಲ್ಲಿ, ತಂತಿಯನ್ನು ನೈಟ್ರಿಕ್ ಆಸಿಡ್ಡಿನಲ್ಲಿ ನೆನೆಸಿ, ಉಳಿದಿದ್ದ ಯಗಚಿ ನೀರನ್ನೆಲ್ಲ ಬಟ್ಟಿ ಇಳಿಸಿ ತೊಳೆತೊಳೆದು ಮತ್ತೆ ಇಟ್ಟೆ. ಪೆನ್ನು ಹಾಳೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಬಂತು. ಗುಡ್ಡವಿಲ್ಲ. ಒಣಗಿದ ಕೆರೆಯಂಗಳದ ಹಾಗೆ ಗೆರೆ ಮಟ್ಟಸ. ಎಷ್ಟು ಸಲ ಮಾಡಿದರೂ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ನೀರೂ ಮುಗಿಯಿತು.

ಮನೆಗೆ ಬಂದು ಹಿತ್ತಿಲ ಕಟ್ಟೆಯ ಮೇಲೆ ಕೂತೆ. ರಜೆಗೆಂದು ಬಂದಿದ್ದ ನಮ್ಮ ಮನೆಯವರು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಬೇಲೂರಿಗೆ ಹೋಗಿ ನೀರು ತರುತ್ತೇನೆ ಎಂದು ತಾವೇ ಹೇಳಿ, ತಾವೇ ಬೇಡವೆಂದರು. ಮೇಲ್ಗಡೆ ಮಳೆ ಬಿದ್ದು ಹೊಳೆ ಕೆಂಪಗೆ ಹರಿಯುತ್ತಿದೆ, ಮಣ್ಣು ಕೂರಲು ವಾರವಾದರೂ ಬೇಕು. ನಮಗೆ ವಾರವಿರಲಿಲ್ಲ. ಆಗ ಅವರು ಎದ್ದು ಒಳಗೆ ಹೋಗಿ ತಾಯಿಗೆ ಎಲ್ಲ ಹೇಳಿದರು. ನಾನು ಬೇಡ ಎಂದು ಸನ್ನೆ ಮಾಡಿದ್ದೆ. ಅವರು ಕೇಳಲಿಲ್ಲ.

ಅತ್ತೆ ಹಿತ್ತಿಲಿಗೆ ಬಂದು ನನ್ನ ಎದುರಿಗೆ ಮೆಟ್ಟಿಲ ಮೇಲೆ ಕೂತರು. ಬೈಯಲಿಲ್ಲ, ಅಳಲಿಲ್ಲ. ನೇರವಾಗಿ ಕೇಳಿದರು.

"ಹಂಗಾರೆ ಅದುಕ್ಕೆ ಏನ್ ತಗಲ್ಬೋದು?"

"ಏನೂ ತಗಲಬಾರದು ಅತ್ತೆ. ಕೈ ಸಹ. ಶುದ್ಧ ನೀರೊಂದೇ."

"ಒಬ್ರು ಮುಟ್ಟಂಗಿಲ್ಲ, ಎಂಜ್ಲು ಎಣ್ಣೆ ಯಾವ್ದೂ ಸೋಕಂಗಿಲ್ಲ."

"ಹೂಂ."

"ಮೀಸ್ಲು ಅನ್ನು." ಅವರು ಮೊಣಕಾಲ ಮೇಲೆ ಕೈಯೂರಿ ನನ್ನನ್ನೇ ನೋಡಿದರು. "ಅದೊಂದ್ ಮಾತ್ ಹೇಳಿದ್ರೆ ನಾನ್ಯಾಕವ್ವ ಮುಟ್ತಿದ್ದೆ?"

ನಮ್ಮ ಕಡೆ ದೇವರಿಗೆಂದು ಮೊದಲೇ ತೆಗೆದಿಡುವ ಹಾಲು ಬೆಣ್ಣೆಗೆ ಮೀಸಲು ಎನ್ನುತ್ತಾರೆ. ಹಾರನಹಳ್ಳಿಯಲ್ಲಿ ಕರು ಹಾಕಿದ ಹಸುವಿನ ಬೆಣ್ಣೆಯನ್ನು ಅತ್ತೆ ಹೀಗೆ ಎತ್ತಿಡುವಾಗ ಮಗಳನ್ನು ಕೂಡ ಗಡಿಗೆಯ ಹತ್ತಿರ ಬಿಡುತ್ತಿರಲಿಲ್ಲ. ಯಾರೂ ಮುಟ್ಟದ, ಮೂಸದ, ಬೆರಳಿಟ್ಟು ರುಚಿ ನೋಡದ ವಸ್ತು. ನಾನು ಮಳೆಗಾಲವಿಡೀ ಲ್ಯಾಬಿನ ಭಾಷೆಯಲ್ಲಿ ಹೇಳಲಾರದೆ ಬಿಟ್ಟಿದ್ದ ವಿಷಯಕ್ಕೆ ಆ ಮನೆಯಲ್ಲೇ ಒಂದು ಪದವಿತ್ತು. ನನ್ನ ನಾಲಿಗೆಗೆ ಅದು ಬಂದಿರಲಿಲ್ಲ, ಅಷ್ಟೆ.

ಅಂದು ಸಂಜೆ ಮೋಡ ಕಟ್ಟಿತು. ಚಿತ್ತೆ ಮಳೆಯ ದಿನಗಳು. ಅತ್ತೆ ಅಟ್ಟದಿಂದ ಮದುವೆಗೆ ಉಡುಗೊರೆಯಾಗಿ ಬಂದು ಬಳಸದೇ ಇದ್ದ ಸ್ಟೀಲ್ ಪಾತ್ರೆಗಳನ್ನು ಇಳಿಸಿದರು. ನಾನು ತೊಳೆದುಕೊಟ್ಟೆ. ಹನಿ ಬಿದ್ದ ಕೂಡಲೇ ಅಂಗಳದಲ್ಲಿಡಲು ಹೋದ ನನ್ನನ್ನು ತಡೆದು, ಮೊದಲ ಮಳೆ ಧೂಳು ತೊಳೆದುಕೊಂಡು ಹೋಗಲಿ ಎಂದರು. ಆಮೇಲೆ ಮರದ ನೆರಳು, ಸೂರಿನ ನೀರು ಯಾವುದೂ ಬೀಳದ ಜಾಗದಲ್ಲಿ, ಸ್ಟೂಲುಗಳ ಮೇಲೆ, ಬರೀ ಆಕಾಶದ ಕೆಳಗೆ ಪಾತ್ರೆಗಳನ್ನಿಟ್ಟು, ತಾವು ಗೊಬ್ಬರದ ಚೀಲ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡು ಪಕ್ಕದಲ್ಲಿ ನಿಂತರು. ಒಳಗೆ ಬನ್ನಿ ಎಂದು ಮಗ ಕರೆದರೆ, ಕಾಗೆ ಬಂದು ಕೊಕ್ಕಿಟ್ಟರೆ ಮೀಸಲು ಕೆಡುತ್ತದೆ ಎಂದರು. ಆ ಮಳೆಯಲ್ಲಿ ಯಾವ ಕಾಗೆ ಬರುತ್ತದೋ ದೇವರೇ ಬಲ್ಲ. ನಿಂತೇ ಇದ್ದರು.

ಬೆಳಿಗ್ಗೆ ನೀರಿನ ಪಾತ್ರೆಯನ್ನು ನನ್ನ ಕೈಗೆ ಕೊಡಲಿಲ್ಲ. ಕೈ ಬದಲಾಗಬಾರದಂತೆ. ಒಗೆದ ಸೀರೆ ಉಟ್ಟು, ತಲೆಗೆ ಅಂದು ಎಣ್ಣೆ ಹಚ್ಚದೆ, ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಕಾಲೇಜಿನವರೆಗೂ ನನ್ನ ಜೊತೆ ನಡೆದು ಬಂದರು. ಮೊದಲ ಸಲ ನನ್ನ ಲ್ಯಾಬಿಗೆ ಕಾಲಿಟ್ಟದ್ದು. ಚಪ್ಪಲಿ ಹೊರಗೆ ಬಿಟ್ಟರು.

ನೀರನ್ನು ಎರಡು ಸಲ ಬಟ್ಟಿ ಇಳಿಸಿದೆ. ಈಗ ಒಂದೇ ದಾರಿ ಉಳಿದಿತ್ತು. ಅಂಟಿದ ಜಿಡ್ಡನ್ನು ಬೆಂಕಿಯಲ್ಲಿ ಸುಡಬೇಕು. ಪ್ಲಾಟಿನಂ ಬೆಂಕಿಗೆ ಹೆದರುವುದಿಲ್ಲ, ಆದರೆ ಅದನ್ನು ಬೆಸೆದ ಗಾಜು ಸೀಳಬಹುದು. ಸೀಳಿದರೆ ತಂತಿಯೂ ಹೋಯಿತು, ಗೈಡಿಗೆ ಮುಖ ತೋರಿಸುವಂತೆಯೂ ಇಲ್ಲ. ಗಾಜಿನ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿದೆ. ಬರ್ನರಿನ ನೀಲಿ ಜ್ವಾಲೆಯ ಅಂಚಿಗೆ ತುದಿಯನ್ನಷ್ಟೇ ಒಡ್ಡಿದೆ. ಅದು ಮೊದಲು ಮಂಕಾಗಿ, ಆಮೇಲೆ ದೀಪದ ಕುಡಿಯ ಹಾಗೆ ಕೆಂಪಗೆ ಹೊಳೆಯಿತು. ತೆಗೆದು, ಆರಲು ಬಿಟ್ಟು, ಮಳೆಯ ನೀರಿನಲ್ಲಿ ಅದ್ದಿದೆ. ಗಾಜು ಸೀಳಲಿಲ್ಲ. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಪೆಟ್ಟಿಗೆ ಹಚ್ಚಿದೆ. ಪೆನ್ನು ಹಾಳೆಯ ಮೇಲೆ ನಡೆಯಿತು. ಸ್ವಲ್ಪ ದೂರ ಮಟ್ಟಸವಾಗಿ ಹೋಗಿ, ಆಮೇಲೆ ತಲೆ ಎತ್ತಿತು. ಏರಿತು, ಇನ್ನೂ ಏರಿತು, ನೆತ್ತಿ ಮುಟ್ಟಿ ಇಳಿಯಿತು. ನಾನು ಅತ್ತೆಯ ಮೊಣಕೈ ಹಿಡಿದುಕೊಂಡಿದ್ದೆ ಎಂಬುದು ಆಮೇಲೆ ಗೊತ್ತಾಯಿತು. ಎರಡನೆಯ ಸುತ್ತಿಗೆ ಗುಡ್ಡ ಕೊಂಚ ಗಿಡ್ಡವಾಯಿತು, ಮೂರನೆಯದಕ್ಕೆ ಇನ್ನಷ್ಟು. ಅತ್ತೆ ಗಾಬರಿಯಾದರು. ತಮ್ಮ ಅರಿಶಿನ ಇನ್ನೂ ಹೋಗಿಲ್ಲ ಎಂದುಕೊಂಡರು. ಇಲ್ಲ ಅತ್ತೆ, ಇದು ಅದರ ಗುಣ, ನಾನು ಓದುತ್ತಿರುವುದೇ ಇದನ್ನು ಎಂದೆ. ಸ್ವಲ್ಪ ಹೈಡ್ರೋಜನ್ ಉಳಿಸಿಕೊಂಡವು ಜೋಡಿ ಹಿಡಿದು ಗಾಳಿಯಾಗಿ ಹೊರಡುತ್ತವೆ, ಪೂರ್ತಿ ಕಳಚಿಕೊಂಡವು ತಂತಿಗೇ ಅಂಟಿ ಕೂತುಬಿಡುತ್ತವೆ, ಹೊಸದಕ್ಕೆ ಜಾಗ ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ಬೇಲೂರ್ ಬಸ್ ಕಣವ್ವ ಇದು" ಎಂದರು ಅತ್ತೆ. "ಹಳೇಬೀಡ್ನಲ್ಲಿ ಇಳಿಯೋರು ಇಳೀದೆ ಸೀಟ್ನಲ್ಲೇ ನಿದ್ದೆ ಹೊಡುದ್ರೆ, ಅಲ್ಲಿ ಹತ್ತೋರ್ ಎಲ್ ಕುತ್ಕಂಡಾರು? ಕಂಡಕ್ಟ್ರು ಎಬ್ಬುಸ್ಬೇಕು."

ಎಬ್ಬಿಸುವುದನ್ನೂ ತೋರಿಸಿದೆ. ವೋಲ್ಟೇಜನ್ನು ಚೆನ್ನಾಗಿ ಕೆಳಗಿಳಿಸಿ ಕೊಂಚ ಹೊತ್ತು ಹಿಡಿದರೆ ಅಂಟಿಕೊಂಡದ್ದು ಬಿಡುತ್ತದೆ. ಮುಂದಿನ ಸುತ್ತಿನಲ್ಲಿ ಗುಡ್ಡ ಮತ್ತೆ ಮೊದಲಿನೆತ್ತರಕ್ಕೆ ಎದ್ದಾಗ ಅತ್ತೆ, "ಇಳುದ್ರು ಅನ್ನು" ಎಂದು ತೃಪ್ತಿಯಿಂದ ಸ್ಟೂಲಿನ ಮೇಲೆ ಸರಿಯಾಗಿ ಕೂತರು. ಆಮೇಲೆ ಇಷ್ಟು ವರ್ಷ ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ಹಳೇಬೀಡಿನ ಸ್ಟಾಪು ಎಂದೇ ಪಾಠ ಮಾಡಿದ್ದೇನೆ. ಮರೆತ ಮಕ್ಕಳನ್ನು ಕಾಣೆ.

ಉಳಿದ ರಜೆಯ ದಿನಗಳೆಲ್ಲ ಹೀಗೇ ನಡೆದವು. ಸಂಜೆ ಮಳೆ, ಬೆಳಿಗ್ಗೆ ಮೀಸಲು ನೀರು, ಹಗಲು ಗೆರೆಗಳು. ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಗೆರೆ ಗೆರೆಗೆ ಕೂಡುತ್ತಿತ್ತು. ಸಾಕಾಗುವಷ್ಟು ಆದವು.

ಮೈಸೂರಿಗೆ ಹೊರಡುವ ಬೆಳಿಗ್ಗೆ ಗ್ರಾಫ್ ಹಾಳೆಗಳನ್ನು ಸುರುಳಿ ಸುತ್ತಿ ಬ್ಯಾಗಿಗೆ ಹಾಕಿದೆ. ತಂತಿಯ ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ, ನನ್ನ ಹಳೆಯ ಕಂಪಾಸ್ ಪೆಟ್ಟಿಗೆಯಲ್ಲಿಟ್ಟೆ. ಇಷ್ಟು ದಿನ ಮನೆಯಲ್ಲಿದ್ದು ಹೊರಟ ಹೆಣ್ಣುಮಗಳ ಹಾಗೆ ಅದನ್ನು ನೋಡುತ್ತಾ ಅತ್ತೆ ದೇವರ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕುಂಕುಮದ ಬಟ್ಟಲು. ನಮ್ಮಲ್ಲಿ ಹೊಸಲು ದಾಟುವ ಹೆಣ್ಣನ್ನು ಬರಿಹಣೆಯಲ್ಲಿ ಕಳಿಸುವ ರೂಢಿಯಿಲ್ಲ. ಅಭ್ಯಾಸ ಬಲದಿಂದ ಬೆರಳು ಬಟ್ಟಲಿಗೆ ಹೋಗಿ, ಕುಂಕುಮ ಹಿಡಿದು, ಪೆಟ್ಟಿಗೆಯ ಕಡೆ ಚಾಚಿತು. ಅರ್ಧದಲ್ಲೇ ನಿಂತಿತು. ರೈಲಿನ ಹೊತ್ತಾಗಿತ್ತು. ಹೊರಗಿನಿಂದ ನಮ್ಮ ಮನೆಯವರು ಕರೆಯುತ್ತಿದ್ದರು.

"ಅದುಕ್ ಬ್ಯಾಡ, ಮೀಸ್ಲು" ಎಂದರು ಅತ್ತೆ. ಕೈಯನ್ನು ಹಾಗೆಯೇ ನನ್ನ ಕಡೆ ತಿರುಗಿಸಿದರು. "ತಲೆ ಬಗ್ಸು. ನಿಂಗ್ ಮಡಗ್ತೀನಿ."